ಪಾಪನಿವೇದನೆಯಿಂದ ಅಕ್ಕನ ಮನೆಗೆ



ತಪಸ್ಸು ಕಾಲದ ಕೊನೆಯ ವಾರಗಳಲ್ಲಿ ನಮ್ಮ ದೇವಾಲಯಗಳಲ್ಲಿ ಪಾಪನಿವೇದನೆಗೆ ನಿಲ್ಲುವವರ ಸಾಲು ಬೆಳೆಯುತ್ತದೆ. ವರ್ಷವಿಡೀ ಬಾರದವರೂ ಪಾಸ್ಕ ಹಬ್ಬಕ್ಕೆ ಮುಂಚೆ ಬಂದು ಮೊಣಕಾಲೂರುತ್ತಾರೆ. ಭಾನುವಾರದ ಪೂಜೆ ತಪ್ಪಿಸಿದೆ, ಮಕ್ಕಳ ಮೇಲೆ ಸಿಡುಕಿದೆ, ಸುಳ್ಳು ಹೇಳಿದೆ, ಪ್ರಾರ್ಥನೆ ಮರೆತೆ ಎಂದು ನಿವೇದಿಸಿಕೊಳ್ಳುತ್ತಾರೆ. ಗುರುಗಳು ಪಾಪವಿಮೋಚನೆ ನೀಡಿ, ಮೂರು ಪರಲೋಕ ಮಂತ್ರವನ್ನೋ ಒಂದು ಜಪಸರವನ್ನೋ ಪ್ರಾಯಶ್ಚಿತ್ತವಾಗಿ ವಿಧಿಸುತ್ತಾರೆ. ಹಗುರವಾದ ಮನಸ್ಸಿನಿಂದ ಮನೆಗೆ ಹಿಂದಿರುಗುತ್ತೇವೆ. ಇದು ದೇವರ ದೊಡ್ಡ ವರ; ಇದನ್ನು ಯಾರೂ ಕಡಿಮೆ ಎಣಿಸಬಾರದು.

ಆ ಸಾಲಿನಲ್ಲಿ ನಿಂತ ಒಬ್ಬನನ್ನು ಊಹಿಸಿಕೊಳ್ಳಿ. ಅವನಿಗೆ ಒಬ್ಬ ಅಕ್ಕ. ತಂದೆ ಉಯಿಲು ಬರೆಯದೆ ತೀರಿಕೊಂಡರು. ತಿಂಗಳ ಪೂಜೆ ಮುಗಿದ ಮೇಲೆ ಈತ ಒಂದು ಪತ್ರ ತಂದು, "ಖಾತೆ ಬದಲಾವಣೆಗೆ ಬೇಕಂತೆ ಅಕ್ಕಾ" ಎಂದು ಸಹಿ ಹಾಕಿಸಿಕೊಂಡ. ಅದು ಹಕ್ಕು ಬಿಡುಗಡೆ ಪತ್ರ ಎಂಬುದು ಅಕ್ಕನಿಗೆ ಗೊತ್ತಾದದ್ದು ಎರಡು ವರ್ಷದ ನಂತರ. ಅಂದಿನಿಂದ ಮಾತಿಲ್ಲ. ಬಂಧುಗಳ ಸಾವಿಗೆ ಇಬ್ಬರೂ ಬರುತ್ತಾರೆ, ಬೇರೆ ಬೇರೆ ಬಾಗಿಲಲ್ಲಿ ನಿಲ್ಲುತ್ತಾರೆ. ಹೀಗೆ ಹನ್ನೊಂದು ವರ್ಷ. ಈ ತಮ್ಮ ಪ್ರತಿ ವರ್ಷ ಪಾಪನಿವೇದನೆ ಮಾಡುತ್ತಾನೆ. "ಅಕ್ಕನ ಜೊತೆ ಮನಸ್ತಾಪ ಇದೆ ಸ್ವಾಮಿ" ಎನ್ನುತ್ತಾನೆ. ಹೇಳಿದ್ದು ಸುಳ್ಳಲ್ಲ. ಆದರೆ ಮನಸ್ತಾಪ ಮಳೆಯಂತೆ ಆಕಾಶದಿಂದ ಬಿದ್ದದ್ದೇ? ಆ ಪತ್ರದ ವಿಷಯ ಅವನ ಬಾಯಿಂದ ಈವರೆಗೆ ಬಂದಿಲ್ಲ.

ನಿಮ್ಮ ಮನೆಯಲ್ಲಿ ಪತ್ರವಿಲ್ಲದಿರಬಹುದು. ಮದುವೆಯ ದಿನ ಬೀಗರ ಮುಂದೆ ಹೆಂಡತಿಯ ತಂದೆಗೆ ಆಡಿದ ಒಂದು ಮಾತಿರಬಹುದು. ಸ್ನೇಹಿತನ ಗುಟ್ಟನ್ನು ಬಯಲು ಮಾಡಿದ್ದಿರಬಹುದು, ಮಾತುಕತೆಯಾಗಿದ್ದ ಹುಡುಗಿಯನ್ನು ಕಾರಣ ಹೇಳದೆ ಕೈಬಿಟ್ಟದ್ದಿರಬಹುದು, ಸೊಸೆಯ ಮೇಲೆ ಹೊರಿಸಿದ ಇಲ್ಲದ ಅಪವಾದವಿರಬಹುದು. ಇಂತಹ ಹಳೆಯ ತಪ್ಪಿಗೆ ಕ್ರೈಸ್ತನ ಪಶ್ಚಾತ್ತಾಪ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ಈ ವಾರ ಆಲೋಚಿಸೋಣ.

ಧರ್ಮಸಭೆಯ ಬೋಧನೆ

1551ರಲ್ಲಿ ತ್ರೆಂತ್ ಮಹಾಸಭೆಯು ಪಾಪಿಯ ಪಾಲಿನ ಮೂರು ಕಾರ್ಯಗಳನ್ನು ಹೇಳಿತು: ಮನಮರುಗುವುದು, ಪಾಪವನ್ನು ಬಾಯಿಬಿಟ್ಟು ನಿವೇದಿಸುವುದು, ಪರಿಹಾರ ಸಲ್ಲಿಸುವುದು. ಮೊದಲ ಎರಡನ್ನು ನಾವು ಬಲ್ಲೆವು. ಮೂರನೆಯದನ್ನು ಗುರುಗಳು ವಿಧಿಸುವ ಜಪಗಳಿಗೆ ಸೀಮಿತಗೊಳಿಸಿಕೊಂಡಿದ್ದೇವೆ. ಜಗದ್ಗುರು ಎರಡನೇ ಜಾನ್ ಪಾಲರು 1992ರಲ್ಲಿ ನೀಡಿದ ಕಥೋಲಿಕ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದವನ್ನು ತೆರೆದು ನೋಡಿ. ಪಾಪವಿಮೋಚನೆ ಪಾಪವನ್ನು ತೊಡೆದುಹಾಕುತ್ತದೆ, ಆದರೆ ಪಾಪದಿಂದ ಆದ ಕೇಡೆಲ್ಲವನ್ನೂ ಅದು ತಾನಾಗಿಯೇ ಸರಿಪಡಿಸುವುದಿಲ್ಲ ಎಂಬ ಅರ್ಥದ ಬೋಧನೆ ಅಲ್ಲಿದೆ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಮಾಡಬೇಕು, ಗಾಯಕ್ಕೆ ಪರಿಹಾರ ಕೊಡಬೇಕು. ಇವೆಲ್ಲ ವಿಶೇಷ ಪುಣ್ಯಕಾರ್ಯಗಳೆಂದು ಅಲ್ಲಿ ಹೇಳಿಲ್ಲ. ಸಾಧಾರಣ ನ್ಯಾಯ ಕೇಳುವುದೇ ಇಷ್ಟನ್ನು ಎಂದಿದೆ.

ಪ್ರಭು ಯೇಸು ಪರ್ವತ ಪ್ರಬೋಧನೆಯಲ್ಲಿ ಇದನ್ನೇ ಇನ್ನೂ ಕಠಿಣವಾಗಿ ಹೇಳುತ್ತಾರೆ (ಮತ್ತಾಯ 5:23-24). ಕಾಣಿಕೆಯೊಡನೆ ಬಲಿಪೀಠದ ಮುಂದೆ ಬಂದಾಗ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಡನೆ ಸಮಾಧಾನ ಮಾಡಿಕೊಳ್ಳಬೇಕು. ಈ ಮಾತನ್ನು ಕೇಳುತ್ತಿದ್ದವರು ಗಲಿಲೇಯದ ಜನ. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ, ಅವರ ಊರುಗಳಿಂದ ಮೂರು ನಾಲ್ಕು ದಿನದ ಕಾಲುನಡಿಗೆ. ಅಷ್ಟು ದೂರ ನಡೆದು ಬಂದವನು ಬಲಿಪೀಠದ ಎದುರಿನಿಂದ ಹಿಂದೆ ಹೋಗಿ, ರಾಜಿಯಾಗಿ, ಮತ್ತೆ ಬರಬೇಕೆಂದರೆ ಒಂದು ವಾರದ ಕೆಲಸ! ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ನಮಗೆ ಇತರರ ಮೇಲೆ ಕೋಪವಿದ್ದರೆ ಎಂದು ಪ್ರಭು ಇಲ್ಲಿ ಹೇಳುತ್ತಿಲ್ಲ. ಸಹೋದರನಿಗೆ ನಮ್ಮ ಮೇಲೆ ದೂರಿದ್ದರೆ ಎನ್ನುತ್ತಾರೆ. ಅಕ್ಕನ ಕಡೆ ದೂರಿದೆ. ಆದುದರಿಂದ ನಡೆಯಬೇಕಾದವನು ತಮ್ಮ.

ಮಿಲಾನಿನ ಆಂಬ್ರೋಸಿಯನ್ ಪೂಜಾವಿಧಿಯಲ್ಲಿ ಶಾಂತಿಯ ವಿನಿಮಯ ಕಾಣಿಕೆ ಅರ್ಪಣೆಗೆ ಮುಂಚೆಯೇ ನಡೆಯುತ್ತದೆ. ನಮ್ಮ ರೋಮನ್ ವಿಧಿಯಲ್ಲಿ ಅದು ಪರಮಪ್ರಸಾದಕ್ಕೆ ಮುಂಚೆ. ಸ್ಥಾನ ಬದಲಿಸುವ ವಿಚಾರವನ್ನು 2007ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಪರಿಶೀಲನೆಗೆ ಕೊಟ್ಟಿದ್ದರು. 2014ರಲ್ಲಿ ಅದು ಇದ್ದಲ್ಲೇ ಇರಲಿ ಎಂದು ತೀರ್ಮಾನವಾಯಿತು. ಭಾರತದಲ್ಲಿ ನಾವು ಕೈಜೋಡಿಸಿ ನಮಸ್ಕರಿಸುತ್ತೇವೆ. 1969ರಲ್ಲಿ ರೋಮ್ ನಮ್ಮ ದೇಶಕ್ಕೆ ಅನುಮತಿಸಿದ ಹನ್ನೆರಡು ಅಂಶಗಳಲ್ಲಿ ಇದೂ ಒಂದು. ಚೆಲುವಾದ ಸಂಪ್ರದಾಯ. ಆದರೆ ಪಕ್ಕದ ಬೆಂಚಿನವರಿಗೆ ನಮಸ್ಕಾರ ಸುಲಭ, ಅವರೊಡನೆ ನಮಗೇನೂ ಜಗಳವಿಲ್ಲ. ಜಗಳವಿದ್ದವರು ಎರಡನೇ ಪೂಜೆಗೆ ಬರುತ್ತಾರೆ.

ಜೋಸೆಫನ ಅಣ್ಣಂದಿರು

ಪಶ್ಚಾತ್ತಾಪ ಎಂದೊಡನೆ ಪೋಲಿಹೋದ ಮಗನ ಸಾಮತಿ ನಮ್ಮ ನೆನಪಿಗೆ ಬರುತ್ತದೆ. ಒಡಹುಟ್ಟಿದವರ ನಡುವಿನ ತಪ್ಪಿಗೆ ಮಾತ್ರ ಆದಿಕಾಂಡದ ಜೋಸೆಫನ ಕಥೆಯಷ್ಟು ಆಳವಾದ ಪಾಠ ಬೇರೊಂದಿಲ್ಲ. 37ನೇ ಅಧ್ಯಾಯದಿಂದ 50ರವರೆಗೆ, 38ನ್ನು ಬಿಟ್ಟು, ಒಂದೇ ಸಂಜೆಯಲ್ಲಿ ಮನೆಮಂದಿಯೆಲ್ಲ ಕುಳಿತು ಓದಬಹುದು.

ಜೋಸೆಫನಿಗೆ ಆಗ ಹದಿನೇಳು ವರ್ಷ. ಅಣ್ಣಂದಿರು ಅವನನ್ನು ಬಾವಿಗೆ ತಳ್ಳಿ, ಆಮೇಲೆ ಊಟಕ್ಕೆ ಕೂತರು. ಮಾರಿಬಿಡೋಣ ಎಂಬ ಸಲಹೆ ಕೊಟ್ಟವನು ಯೆಹೂದ. ಇಪ್ಪತ್ತು ಬೆಳ್ಳಿನಾಣ್ಯಕ್ಕೆ ತಮ್ಮ ಮಾರಾಟವಾದ. ಆಡಿನ ರಕ್ತದಲ್ಲಿ ಅದ್ದಿದ ಅಂಗಿ ತಂದೆಯ ಕೈ ಸೇರಿತು. ಆ ಅಧ್ಯಾಯವನ್ನು ಎಷ್ಟು ಸಲ ಓದಿದರೂ ಬಾವಿಯೊಳಗಿನ ಹುಡುಗನ ಕೂಗು ನಿಮಗೆ ಕೇಳಿಸುವುದಿಲ್ಲ, ಏಕೆಂದರೆ ಅದನ್ನು ಅಲ್ಲಿ ಬರೆದಿಲ್ಲ. ಅದು ಕೇಳಿಸುವುದು 42ನೇ ಅಧ್ಯಾಯದಲ್ಲಿ. ಇಪ್ಪತ್ತು ವರ್ಷ ಕಳೆದಿದೆ, ಬರಗಾಲ ಬಂದಿದೆ, ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದ ಅಣ್ಣಂದಿರು ಸಂಕಟಕ್ಕೆ ಸಿಕ್ಕಿದ್ದಾರೆ. ಆಗ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ: ಅವನು ಅಂಗಲಾಚಿದಾಗ ಅವನ ಪ್ರಾಣಸಂಕಟವನ್ನು ಕಂಡೂ ನಾವು ಕಿವಿಗೊಡಲಿಲ್ಲವಲ್ಲಾ ಎಂದು. ತಪ್ಪು ಮಾಡುವಾಗ ಕೇಳಿಸದ ಕೂಗು ಇಪ್ಪತ್ತು ವರ್ಷದ ನಂತರ ಅವರ ಕಿವಿಗೆ ಬಿತ್ತು. ಎದುರಿಗೆ ನಿಂತಿದ್ದ ಅಧಿಕಾರಿಯೇ ಜೋಸೆಫ. ಅವನು ಆಚೆ ಹೋಗಿ ಅತ್ತ.

ಆದರೂ ಅವನು ಆಗಲೇ ತನ್ನ ಗುರುತು ಹೇಳಲಿಲ್ಲ. ಇದು ಸೇಡೇ ಎಂದು ಕೆಲವರು ಕೇಳುತ್ತಾರೆ. ಮುಂದೆ ಓದಿದರೆ ಅವನು ಏನು ಮಾಡಿದನೆಂಬುದು ತಿಳಿಯುತ್ತದೆ. ತಂದೆಯ ಮುದ್ದಿನ ಕಿರಿಮಗ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಬಟ್ಟಲನ್ನು ಇಡಿಸಿ, ಕದ್ದವನು ಮಾತ್ರ ಇಲ್ಲಿ ಗುಲಾಮನಾಗಿರಲಿ, ಉಳಿದವರು ಹೋಗಬಹುದು ಎಂದ. ಹಳೆಯ ಬಾವಿಯನ್ನೇ ಮತ್ತೆ ಅವರ ಮುಂದೆ ತೋಡಿದ. ಮತ್ತೆ ಒಬ್ಬ ಮುದ್ದಿನ ತಮ್ಮ, ಮತ್ತೆ ಅವನನ್ನು ಬಿಟ್ಟುಹೋಗುವ ಅವಕಾಶ, ಈ ಸಲ ಒಳ್ಳೆಯ ನೆಪ ಕೂಡ. ಆಗ ಮುಂದೆ ಬಂದವನು ಅದೇ ಯೆಹೂದ. 44ನೇ ಅಧ್ಯಾಯದಲ್ಲಿ ಅವನ ಮಾತು ದೀರ್ಘವಾಗಿದೆ, ತಂದೆಯ ಹೆಸರನ್ನು ಮತ್ತೆ ಮತ್ತೆ ಎತ್ತುತ್ತಾನೆ, ಕೊನೆಗೆ ಹುಡುಗನ ಬದಲು ತಾನೇ ಗುಲಾಮನಾಗಿ ಉಳಿಯುತ್ತೇನೆ ಎನ್ನುತ್ತಾನೆ. ತಮ್ಮನನ್ನು ಮಾರಿದವನು ಈಗ ತಮ್ಮನಿಗಾಗಿ ತನ್ನನ್ನೇ ಮಾರಿಕೊಳ್ಳುತ್ತಿದ್ದಾನೆ. ಜೋಸೆಫನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

ಅದೇ ತಪ್ಪಿಗೆ ಅದೇ ಅವಕಾಶ ಮತ್ತೆ ಒದಗಿದಾಗ ಮಾಡದೆ ಇರುವುದೇ ಪೂರ್ಣ ಪಶ್ಚಾತ್ತಾಪ ಎಂದು ಮಧ್ಯಯುಗದ ಯೆಹೂದ್ಯ ಗುರು ಮೈಮೊನಿಡಿಸ್ ಬೋಧಿಸಿದರು. ಬಹಳ ಕಣ್ಣೀರು ಬಂತೆ, ಎದೆ ಬಡಿದುಕೊಂಡೆವೆ ಎಂಬುದಕ್ಕಿಂತ ಇದು ನಂಬಬಹುದಾದ ಅಳತೆ. ನಮ್ಮ ತಮ್ಮನಿಗೂ ಇಂತಹ ಅವಕಾಶ ಬರುತ್ತದೆ: ಚಿಕ್ಕಮ್ಮ ತೀರಿಕೊಂಡಾಗ ಅವರ ಒಡವೆ ಹಂಚಿಕೆಯಲ್ಲಿ ಅಕ್ಕನ ಪಾಲಿನ ಮಾತು ಯಾರೂ ಎತ್ತದಿದ್ದಾಗ ಅವನು ಎತ್ತುತ್ತಾನೋ ಇಲ್ಲವೋ.

ಕಥೆ ಇಲ್ಲಿಗೆ ಮುಗಿಯಿತೆಂದು ಹೆಚ್ಚಿನವರು ಪುಸ್ತಕ ಮುಚ್ಚುತ್ತಾರೆ. 50ನೇ ಅಧ್ಯಾಯವನ್ನು ಬಿಡಬೇಡಿ. ಯಕೋಬ ಈಜಿಪ್ಟಿನಲ್ಲಿ ಹದಿನೇಳು ವರ್ಷ ಬಾಳಿ ಸತ್ತ. ಆಗ ಅಣ್ಣಂದಿರಿಗೆ ಭಯ ಹತ್ತಿತು, ಅಪ್ಪ ಇಲ್ಲದ ಮೇಲೆ ಇವನು ಸೇಡು ತೀರಿಸಿಕೊಂಡರೆ? ಅವರು ಜೋಸೆಫನಿಗೆ ಹೇಳಿಕಳುಹಿಸಿದರು: ನಿನ್ನ ಅಣ್ಣಂದಿರನ್ನು ಕ್ಷಮಿಸಬೇಕೆಂದು ಅಪ್ಪ ಸಾಯುವ ಮುಂಚೆ ಹೇಳಿದ್ದರು ಎಂದು. ಹುಡುಕಿ ನೋಡಿ, ಅಣ್ಣಂದಿರು ಜೋಸೆಫನಲ್ಲಿ ಕ್ಷಮೆ ಬೇಡಿದ ಮಾತು ಇಲ್ಲಿಯವರೆಗೆ ಎಲ್ಲೂ ಇಲ್ಲ! ಅಪ್ಪಿಕೊಂಡಿದ್ದರು, ಅತ್ತಿದ್ದರು, ಅವನು ಕೊಟ್ಟ ಜಾಗದಲ್ಲಿ ಹದಿನೇಳು ವರ್ಷ ಬಾಳಿದ್ದರು. ಬಾಯಿಬಿಟ್ಟು ಕೇಳಿರಲಿಲ್ಲ. ಕೊನೆಗೆ ಕೇಳಿದ್ದೂ ಇನ್ನೊಬ್ಬರ ಮೂಲಕ, ಸತ್ತ ತಂದೆಯ ಹೆಸರಿನಲ್ಲಿ. ಅದನ್ನು ಕೇಳಿ ಜೋಸೆಫ ಮತ್ತೆ ಅತ್ತ. ಬಳಿಕ ಅವರೇ ಬಂದು ಅವನ ಮುಂದೆ ಬಿದ್ದರು.

ನಮ್ಮ ಕುಟುಂಬಗಳಲ್ಲಿಯೂ ಹೀಗೇ ಅಲ್ಲವೇ? ಎಲ್ಲ ಸರಿಹೋಗಿದೆ, ಹಬ್ಬಕ್ಕೆ ಹೋಗಿ ಬಂದು ಮಾಡುತ್ತೇವೆ, ಆ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಸತ್ತವರ ಹಾಸಿಗೆಯ ಪಕ್ಕದಲ್ಲಿ ರಾಜಿಯಾಯಿತು ಎನ್ನುತ್ತೇವೆ. ಕೇಳಬೇಕಾದ ಮಾತು ಹಾಗೇ ಉಳಿದಿರುತ್ತದೆ, ಭಯವೂ ಉಳಿದಿರುತ್ತದೆ.

ಹೇಗೆ ಕೇಳಬೇಕು?

ಬೀಳ್ಕೊಡುಗೆ ಸಮಾರಂಭಗಳಲ್ಲಿ, ಮದುವೆಗೆ ಮುಂಚೆ ಹಿರಿಯರ ಆಶೀರ್ವಾದ ಬೇಡುವಾಗ, ನಾವೆಲ್ಲ ಆಡುವ ಒಂದು ಮಾತಿದೆ: "ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ." ಅಲ್ಲಿಗೆ ಅದು ಸರಿ, ವಿನಯದ ಮಾತು. ಆದರೆ ಅಕ್ಕನ ಮನೆ ಬಾಗಿಲಲ್ಲಿ ನಿಂತು ಅದನ್ನು ಹೇಳಿದರೆ ಅದೇ ಎರಡನೇ ಅಪಮಾನ. ಏನಾದರೂ ಎಂದರೇನು? ಆಗಿದ್ದರೆ ಎಂದರೇನು? ಆಗಿದೆ ಎಂಬುದು ಅವಳಿಗೆ ಗೊತ್ತು, ಅವನಿಗೂ ಗೊತ್ತು.

ಸೌಲ ಅರಸನೂ ಪಾಪ ಮಾಡಿದ್ದೇನೆ ಎಂದ, ದಾವೀದ ಅರಸನೂ ಎಂದ. ಸೌಲ ಅದರೊಡನೆ ಜನರಿಗೆ ಹೆದರಿ ಹಾಗೆ ಮಾಡಿದೆ ಎಂದು ಕಾರಣ ಸೇರಿಸಿದ, ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಸಮುವೇಲನನ್ನು ಬೇಡಿದ (1 ಸಮುವೇಲ 15). ಪ್ರವಾದಿ ನಾತಾನನ ಎದುರು ದಾವೀದ ಆಡಿದ್ದು ಹೀಬ್ರೂ ಮೂಲದಲ್ಲಿ ಎರಡೇ ಪದ (2 ಸಮುವೇಲ 12). ಕಾರಣವಿಲ್ಲ, ಬತ್ಷೆಬೆಯ ಮೇಲೆ ದೂರಿಲ್ಲ.

ಆದುದರಿಂದ ತಮ್ಮ ಹೋಗಿ ಹೇಳಬೇಕಾದದ್ದು ಹೀಗಿರಬಹುದು: "ಅಕ್ಕಾ, ಅಪ್ಪ ಹೋದ ಮೇಲೆ ನಿನ್ನ ಹತ್ತಿರ ಸಹಿ ಹಾಕಿಸಿಕೊಂಡೆನಲ್ಲ, ಅದು ಖಾತೆಯ ಪತ್ರ ಅಂತ ಹೇಳಿದೆ. ಅಲ್ಲ ಅಂತ ನನಗೆ ಗೊತ್ತಿತ್ತು. ನಿನಗೆ ಮೋಸ ಮಾಡಿದೆ." ಇಷ್ಟು ಸಾಕು. ಆಗ ಕೈಯಲ್ಲಿ ದುಡ್ಡಿರಲಿಲ್ಲ, ಹೆಂಡತಿ ಹೇಳಿದಳು, ನೀನೂ ಮದುವೆಯಲ್ಲಿ ಚಿನ್ನ ತೆಗೆದುಕೊಂಡಿದ್ದೆಯಲ್ಲ ಎಂಬ ಮಾತುಗಳು ನಿಜವೇ ಇರಬಹುದು. ಅಂದು ಅವು ಬೇಡ. ಹೆಂಡತಿಯನ್ನೋ ಧರ್ಮಕೇಂದ್ರದ ಗುರುಗಳನ್ನೋ ಮುಂದೆ ಕಳುಹಿಸುವುದೂ ಬೇಡ. ಫೋನಿನಲ್ಲಿ ಒಂದು ಸಂದೇಶ ಬರೆದು ಹಾಕುವುದಂತೂ ಬೇಡವೇ ಬೇಡ.

ಬರಿಗೈಯಲ್ಲಿ ಹೋಗುವುದೂ ಸಲ್ಲದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಮದುವೆಯಾದ ಮಗಳಿಗೂ ಅಷ್ಟೇ. ನಮ್ಮ ಎಷ್ಟೋ ಮನೆಗಳಲ್ಲಿ ಇದು ತಿಳಿದಿಲ್ಲ, ತಿಳಿದವರು ಹೇಳುವುದೂ ಇಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡದ ಆರನೆಯ ಅಧ್ಯಾಯದ ಆರಂಭವನ್ನು ನೋಡಿ: ನೆರೆಯವನನ್ನು ವಂಚಿಸಿದವನು ಪೂರ್ತಿ ಮೊತ್ತವನ್ನೂ ಅದರ ಐದನೇ ಒಂದು ಪಾಲನ್ನೂ ಸೇರಿಸಿ ಅವನಿಗೆ ಕೊಡಬೇಕು, ದೇವರಿಗೆ ಪರಿಹಾರಬಲಿ ಬರುವುದು ಅದರ ಬಳಿಕ. ಜೆರಿಕೋ ಪಟ್ಟಣದ ಜಕ್ಕಾಯ ಐದನೇ ಒಂದರ ಲೆಕ್ಕಕ್ಕೆ ನಿಲ್ಲದೆ, ಕದ್ದ ಕುರಿಗೆ ನಾಲ್ಕು ಕುರಿ ಎಂಬ ವಿಮೋಚನಾಕಾಂಡದ ಶಿಕ್ಷೆಯನ್ನು ತನಗೆ ತಾನೇ ವಿಧಿಸಿಕೊಂಡ (ಲೂಕ 19:8). ಪ್ರಭು ಅವನಿಗೆ ಲೆಕ್ಕ ಕೇಳಿರಲಿಲ್ಲ, ಅವನ ಮನೆಗೆ ಊಟಕ್ಕೆ ಬಂದಿದ್ದರು ಅಷ್ಟೇ.

ಕೇಳಿದ ಮೇಲೆ

ಸಂತ ಮರಿಯ ಗೊರೆಟ್ಟಿಯ ಹೆಸರು ನಮ್ಮ ಮನೆಗಳಲ್ಲಿ ಪರಿಚಿತ. 1902ರ ಜುಲೈಯಲ್ಲಿ, ಹನ್ನೊಂದು ವರ್ಷದ ಆ ಹುಡುಗಿಯನ್ನು ನೆರೆಯ ಯುವಕ ಅಲೆಸ್ಸಾಂಡ್ರೊ ಸೆರೆನೆಲ್ಲಿ ಇರಿದು ಕೊಂದ. ಸಾಯುವ ಮುಂಚೆ ಅವಳು ಅವನನ್ನು ಕ್ಷಮಿಸಿದಳು. ಆದರೆ ಅವನು ಆ ಕ್ಷಮೆಯ ಬಲದ ಮೇಲೆ ನೇರವಾಗಿ ಅವಳ ತಾಯಿಯ ಬಳಿಗೆ ಬರಲಿಲ್ಲ, ಬರಲು ಸಾಧ್ಯವೂ ಇರಲಿಲ್ಲ. 27 ವರ್ಷ ಸೆರೆಮನೆಯಲ್ಲಿ ಕಳೆದ. ಮೊದಲ ವರ್ಷಗಳಲ್ಲಿ ಅವನ ಮನಸ್ಸು ಕರಗಿಯೂ ಇರಲಿಲ್ಲ. ಬಿಡುಗಡೆಯಾದ ಕೆಲವು ವರ್ಷಗಳ ಮೇಲೆ ಒಂದು ಕ್ರಿಸ್ಮಸ್ ಸಮಯದಲ್ಲಿ ಕೊರಿನಾಲ್ದೊ ಊರಿಗೆ ಹೋಗಿ, ಗುರುಗಳ ಮನೆಯಲ್ಲಿ ಕೆಲಸಕ್ಕಿದ್ದ ತಾಯಿ ಅಸ್ಸುಂತಾಳ ಮುಂದೆ ನಿಂತು ಕ್ಷಮೆ ಬೇಡಿದ. ಮಗಳೇ ಕ್ಷಮಿಸಿರುವಾಗ ತಾನು ಕ್ಷಮಿಸದಿರಲಾದೀತೇ ಎಂದಳು ಆಕೆ. ಇಬ್ಬರೂ ಜೊತೆಯಾಗಿ ಪರಮಪ್ರಸಾದ ಸ್ವೀಕರಿಸಿದರು. ಇದು ದೇವರ ಕೃಪೆಯ ದೊಡ್ಡ ಕಾರ್ಯ. ಎಲ್ಲ ತಾಯಂದಿರೂ ಹೀಗೆಯೇ ಮಾಡಬೇಕೆಂದು ಯಾವ ಅಪರಾಧಿಯೂ ಇದನ್ನು ಹಿಡಿದು ವಾದಿಸುವಂತಿಲ್ಲ.

ಏಕೆಂದರೆ ಕೇಳುವುದು ನಮ್ಮ ಕರ್ತವ್ಯ, ಉತ್ತರ ಅವರದ್ದು. ಅಕ್ಕ ಬಾಗಿಲು ಹಾಕಬಹುದು. ಹನ್ನೊಂದು ವರ್ಷದ ನೋವನ್ನು ಅರ್ಧ ಗಂಟೆ ಬೈದು ತೀರಿಸಬಹುದು. "ಯೋಚನೆ ಮಾಡುತ್ತೇನೆ, ಈಗ ಹೋಗು" ಎನ್ನಬಹುದು. ಆಗ "ಕ್ರೈಸ್ತಳಾಗಿ ಕ್ಷಮಿಸಬೇಕಲ್ಲವೇ" ಎಂದು ಅವಳಿಗೆ ಶುಭಸಂದೇಶವನ್ನು ನೆನಪಿಸುವ ಹಕ್ಕು ಲೋಕದಲ್ಲಿ ಯಾರಿಗಿದ್ದರೂ ತಮ್ಮನಿಗಿಲ್ಲ.

ಕ್ಷಮೆ ಸಿಕ್ಕಿದರೂ ಎಲ್ಲವೂ ಮೊದಲಿನಂತಾಗಲೇಬೇಕೆಂದಿಲ್ಲ. ಏಸಾವ ಓಡಿಬಂದು ಯಕೋಬನನ್ನು ತಬ್ಬಿಕೊಂಡ, ಇಬ್ಬರೂ ಅತ್ತರು. ಅದೇ ಅಧ್ಯಾಯದಲ್ಲಿ ಏಸಾವ ಸೇಯೀರಿಗೆ ಹೋದ, ಯಕೋಬ ಸುಕ್ಕೋತಿಗೆ ಹೋದ (ಆದಿಕಾಂಡ 33). ಕೈಮಾಡುವ ಗಂಡಂದಿರ ವಿಷಯದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಲೇಬೇಕಾಗಿದೆ. ಹೊಡೆದವನು ಅತ್ತು ಕಾಲು ಹಿಡಿದ ಮಾತ್ರಕ್ಕೆ ಹೆಂಡತಿ ಅಂದೇ ಮನೆಗೆ ಮರಳಬೇಕೆಂದು ಒತ್ತಾಯಿಸುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿರುವಲ್ಲಿ ಬೇರೆ ಇರಲು ನ್ಯಾಯವಾದ ಕಾರಣವಿದೆ ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ವಿಧಿಯೇ ಒಪ್ಪುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅವಳ ರಕ್ಷಣೆಗಿದೆ. ಅವಳು ಮನಸ್ಸಿನಲ್ಲಿ ಕ್ಷಮಿಸಿಯೂ ತವರಿನಲ್ಲೇ ಉಳಿಯಬಹುದು. ಗಂಡನ ಪಶ್ಚಾತ್ತಾಪ ನಿಜವಾದುದಾದರೆ, ಅವಳು ಮರಳಲಿ ಮರಳದಿರಲಿ ಅವನು ಕುಡಿತ ಬಿಡುತ್ತಾನೆ, ಮಕ್ಕಳ ಖರ್ಚಿಗೆ ತಿಂಗಳು ತಿಂಗಳು ಕೊಡುತ್ತಾನೆ.

ಹೋಗಲೇಬಾರದ ಬಾಗಿಲುಗಳೂ ಇವೆ. ಮದುವೆಗೆ ಮುಂಚೆ ಮೋಸಮಾಡಿ ಕೈಬಿಟ್ಟ ಹುಡುಗಿ ಈಗ ಬೇರೊಬ್ಬರ ಮನೆಯಲ್ಲಿ ನೆಮ್ಮದಿಯಾಗಿದ್ದಾಳೆ. ಇಪ್ಪತ್ತು ವರ್ಷದ ಮೇಲೆ ಅಲ್ಲಿ ಹೋಗಿ ನಿಂತರೆ ನಮ್ಮ ಎದೆಯ ಭಾರ ಇಳಿದೀತು, ಅವಳ ಸಂಸಾರದ ಮೇಲೆ ಆ ಭಾರ ಬಿದ್ದೀತು. ಇಂತಹ ವಿಷಯವನ್ನು ಮೊದಲು ಪಾಪನಿವೇದನೆಯಲ್ಲಿ, ಇದ್ದದ್ದನ್ನು ಇದ್ದಂತೆ, ಗುರುಗಳ ಮುಂದಿಡಿ. ಅಲ್ಲಿ ಆಡಿದ ಮಾತು ಅಲ್ಲಿಂದ ಹೊರಗೆ ಹೋಗುವುದಿಲ್ಲ. ಹೋಗುವುದೋ, ಬೇಡವೋ, ದೂರದಿಂದ ಪ್ರಾರ್ಥಿಸಿ ಸುಮ್ಮನಿರುವುದೋ ಎಂದು ಅವರ ಸಲಹೆ ಕೇಳಿ. ಹಳೆಯದನ್ನು ಈಗ ಹೆಂಡತಿಗೋ ಗಂಡನಿಗೋ ಹೇಳಬೇಕೇ ಎಂಬ ಪ್ರಶ್ನೆಗೂ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ.

ಇನ್ನು, ಕ್ಷಮೆ ಕೇಳಬೇಕಾದವರು ತೀರಿಹೋಗಿದ್ದರೆ? ನವೆಂಬರ್ 2ರಂದು ಸಮಾಧಿಯ ಬಳಿ ಮೇಣದಬತ್ತಿ ಹಚ್ಚಿ ಅಳುವವರಲ್ಲಿ ಇಂತಹವರು ಅನೇಕರು. ಅವರಿಗಾಗಿ ಪೂಜೆ ಒಪ್ಪಿಸಿ, ಸಮಾಧಿಯ ಮುಂದೆ ನಿಂತು ಆ ಮಾತನ್ನು ಗಟ್ಟಿಯಾಗಿಯೇ ಆಡಿ. ಸಂತರ ಅನ್ಯೋನ್ಯತೆಯನ್ನು ನಂಬುವ ನಮಗೆ ಅದು ಗಾಳಿಗೆ ಹೇಳಿದ ಮಾತಲ್ಲ. ಆದರೆ ಸಾಲ ಅವರೊಡನೆ ಸಾಯುವುದಿಲ್ಲ. ಪರಿಹಾರ ಸಲ್ಲಬೇಕಾದವನು ಇಲ್ಲದಿದ್ದರೆ ಅವನ ಹತ್ತಿರದ ಬಂಧುವಿಗೆ, ಬಂಧುವೂ ಇಲ್ಲದಿದ್ದರೆ ಯಾಜಕನ ಮೂಲಕ ಸರ್ವೇಶ್ವರನಿಗೆ ಸಲ್ಲಿಸಬೇಕೆಂದು ಸಂಖ್ಯಾಕಾಂಡದ ಐದನೇ ಅಧ್ಯಾಯ ಹೇಳುತ್ತದೆ. ಅಕ್ಕ ಇಲ್ಲವಾದರೆ ಅಕ್ಕನ ಮಕ್ಕಳಿದ್ದಾರೆ. ಅವರ ಪಾಲಿನ ಜಾಗವನ್ನು ಅಳೆಸಿ, ವಕೀಲರಿಂದ ಪತ್ರ ಬರೆಸಿ, ಉಪನೋಂದಣಾಧಿಕಾರಿಗಳ ಕಚೇರಿಗೆ ಅವರನ್ನು ಕರೆದುಕೊಂಡು ಹೋಗಬೇಕಾದವನು ಸೋದರಮಾವ. ಈ ಸಲ ಸಹಿ ಹಾಕುವ ಮುಂಚೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಅವರಿಗೆ ಓದಿ ಹೇಳಲಿ.